ಊಟಿ ಪೇಟೆಯ ಹೊಸ ಮಳಿಗೆಗಳು ಯಾರಿಗೆ?

ನೀಲಗಿರಿಯ ಕೂಕಲ್ತೊರೈ ಕಡೆಯ ಇಳಿಜಾರು ಹೊಲಗಳಲ್ಲಿ ಬೆಳೆದ ತರಕಾರಿಗೆ ಎರಡು ದಾರಿಗಳಿವೆ. ದೊಡ್ಡ ಲೋಡು ಕೋತಗಿರಿ ಘಟ್ಟ ಇಳಿದು ಮೆಟ್ಟುಪಾಳ್ಯಂ ಮಂಡಿಗಳಿಗೆ ಹೋಗಿ ಹರಾಜಾಗುತ್ತದೆ. ಚಿಕ್ಕ ಲೋಡು ಊಟಿಗೆ ಬರುತ್ತದೆ. ಊಟಿಗೆ ಬಂದವರು ಮೂಟೆ ಇಳಿಸಿ ಬರಿಗೈಯಲ್ಲಿ ಮರಳುವುದಿಲ್ಲ. ಗೊಬ್ಬರ, ಔಷಧಿ, ಪೈಪು, ಗುದ್ದಲಿಯ ಕಾವು, ಮದುವೆಗೆ ಪಾತ್ರೆ, ಹೆತ್ತೆ ಅಮ್ಮನ ಹಬ್ಬಕ್ಕೆ ಬಿಳಿ ಬಟ್ಟೆ, ಮಕ್ಕಳಿಗೆ ಸ್ವೆಟರು, ಮನೆಗೆ ಒಂದು ಪೊಟ್ಟಣ ವರ್ಕಿ ಬಿಸ್ಕತ್ತು. ಇವಿಷ್ಟನ್ನೂ ಚಾರಿಂಗ್ ಕ್ರಾಸ್‌ನಿಂದ ಸಾಗುವ ಕಮರ್ಷಿಯಲ್ ರಸ್ತೆಯಲ್ಲಿ, ಮೇನ್ ಬಜಾರ್‌ನಲ್ಲಿ, ನಗರಸಭೆಯ ಮಾರುಕಟ್ಟೆಯ ಓಣಿಗಳಲ್ಲಿ ತಿರುಗಿ ಕೊಂಡು, ಸಂಜೆಯ ಬಸ್ಸು ಹಿಡಿಯುತ್ತಾರೆ. ಸಸ್ಯೋದ್ಯಾನ, ದೋಣಿಮನೆ ನೋಡಿ ಮರಳುವ ನಮ್ಮಂಥ ಪ್ರವಾಸಿಗರಿಗೆ ಊಟಿಯ ಈ ಮುಖ ಕಾಣುವುದೇ ಇಲ್ಲ.

ಆ ಮಾರುಕಟ್ಟೆಯನ್ನು ಈಗ ಹಂತ ಹಂತವಾಗಿ ಒಡೆದು ಕಟ್ಟುವ ಕೆಲಸ ಹಿಡಿಯಲಾಗಿದೆ. ಮೊದಲ ಹಂತಕ್ಕೆ ಗೊತ್ತು ಮಾಡಿದ ವೆಚ್ಚ ಸುಮಾರು 36 ಕೋಟಿ ರೂಪಾಯಿ. ತಗಡಿನ ಸೂರಿನ ಹಳೆಯ ಸಾಲುಗಳು ಹೋಗಿ ಗಟ್ಟಿ ಕಟ್ಟಡ, ವಾಹನ ನಿಲ್ಲಿಸಲು ಜಾಗ, ನೀರು ನಿಲ್ಲದ ಚರಂಡಿ ಬರಬೇಕು. ಬರಲಿ. ಹಳೆಯದೆಂಬ ಒಂದೇ ಕಾರಣಕ್ಕೆ ಸೋರುವ ಸೂರನ್ನು ಉಳಿಸಿಕೊಳ್ಳಿ ಎನ್ನುವ ಹಕ್ಕು, ಅದರಡಿ ದಿನವಿಡೀ ನಿಂತು ವ್ಯಾಪಾರ ಮಾಡದ ನನಗಂತೂ ಇಲ್ಲ. ನನ್ನ ಪ್ರಶ್ನೆ ಕಟ್ಟಡದ ಬಗ್ಗೆ ಅಲ್ಲವೇ ಅಲ್ಲ. ಹೊಸ ಮಳಿಗೆಯ ಬಾಗಿಲು ತೆರೆದ ದಿನ ಒಳಗೆ ಯಾರು ಕೂತಿರುತ್ತಾರೆ, ಎಷ್ಟು ಬಾಡಿಗೆಗೆ ಕೂತಿರುತ್ತಾರೆ ಎಂಬುದರ ಬಗ್ಗೆ.

ಈ ಊರಿನಲ್ಲಿ ನೆಲದ ಬೆಲೆಯ ಕಥೆ ಎರಡು ಶತಮಾನದ್ದು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿ ಬಂದ. 1822ರ ಹೊತ್ತಿಗೆ ಊಟಿಯಲ್ಲಿ ಸ್ಟೋನ್ ಹೌಸ್ ಕಟ್ಟಲು ಕೈಹಾಕಿದ. ಆ ಜಾಗವನ್ನು ಬೆಟ್ಟದ ಮೂಲನಿವಾಸಿಗಳಾದ ತೊದವರಿಂದ ಎಕರೆಗೆ ಒಂದು ರೂಪಾಯಿಯಂತೆ ಕೊಂಡನೆಂಬ ಮಾತು ಪ್ರಸಿದ್ಧ. ಬೆಟ್ಟದ ಹೊಳೆಗಳಿಗೆ ಒಡ್ಡು ಹಾಕಿ ಕೆರೆ ಕಟ್ಟಿಸಿದವನೂ ಅವನೇ. ಆಗಿನ ಕೆರೆ ಈಗಿನದಕ್ಕಿಂತ ಎಷ್ಟೋ ದೊಡ್ಡದಿತ್ತು. ಕುದುರೆ ಪಂದ್ಯದ ಮೈದಾನ, ಬಸ್ ನಿಲ್ದಾಣ ಎಲ್ಲವೂ ಆಮೇಲೆ ಅದೇ ಕೆರೆಯ ಒಡಲು ತುಂಬಿಸಿ ಪಡೆದ ನೆಲ. ಊರು ಮದ್ರಾಸ್ ಪ್ರೆಸಿಡೆನ್ಸಿಯ ಬೇಸಿಗೆ ರಾಜಧಾನಿಯಾಯಿತು. ದೊರೆಗಳ ಹಿಂದೆ ಬೆಣ್ಣೆ, ಬ್ರೆಡ್ಡು, ಪುಸ್ತಕ, ಉಣ್ಣೆ ಬಟ್ಟೆ ಮಾರುವವರು ಬಂದರು. 1859ರಲ್ಲಿ ಹುಟ್ಟಿದ ನೀಲಗಿರಿ ಗ್ರಂಥಾಲಯ, 1866ರಲ್ಲಿ ರಚನೆಯಾದ ನಗರಸಭೆ, ಗವರ್ನರ್ ಆಡಂ ನೆನಪಿಗೆ ಕಟ್ಟಿದ ಚಾರಿಂಗ್ ಕ್ರಾಸ್‌ನ ಕಾರಂಜಿ, 1908ರಲ್ಲಿ ಕೂನೂರಿನಿಂದ ಮೇಲೇರಿ ಬಂದ ರೈಲು, ಎಲ್ಲವೂ ಈ ಪೇಟೆಯ ಸುತ್ತಲೇ.

ದೊರೆಗಳ ಕಥೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ಪೇಟೆಯ ಅರ್ಧ ಕಥೆ ಬಿಟ್ಟಂತೆ. ಆಲೂಗಡ್ಡೆ, ಎಲೆಕೋಸು ಬೀಜವನ್ನು ಸುಲ್ಲಿವನ್ ಕಾಲದಲ್ಲಿ ತರಿಸಿದರು ನಿಜ. ಅದನ್ನು ಈ ಬೆಟ್ಟದ ಮಣ್ಣಿಗೆ ಒಗ್ಗಿಸಿ, ಮೂಟೆಗಟ್ಟಲೆ ಬೆಳೆದು, ಊರಿಗೆ ಅನ್ನ ಹಾಕಿದವರು ಬಡಗರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು, ನಮ್ಮ ನುಡಿಗೆ ತೀರ ಹತ್ತಿರದ ನುಡಿಯಾಡುವವರು. 1799ರಲ್ಲಿ ಟಿಪ್ಪು ಬೀಳುವವರೆಗೆ ಈ ಬೆಟ್ಟವೂ ಮೈಸೂರಿಗೇ ಸೇರಿತ್ತು. ಫರ್ನ್‌ಹಿಲ್‌ನಲ್ಲಿ ಒಡೆಯರ ಬೇಸಿಗೆ ಅರಮನೆ ಈಗಲೂ ಇದೆ. ಕರ್ನಾಟಕದ ತೋಟಗಾರಿಕೆ ಇಲಾಖೆಯ ಉದ್ಯಾನವೂ ಅಲ್ಲೇ ಇದೆ. 1935ರಲ್ಲಿ ಹುಟ್ಟಿದ ನೀಲಗಿರಿ ಸಹಕಾರಿ ಮಾರಾಟ ಸಂಘ ದಲ್ಲಾಳಿಗಳ ಹಿಡಿತ ಸಡಿಲಿಸಲು ಹರಾಜು ಕಟ್ಟೆ ತೆರೆದದ್ದು ಇದೇ ರೈತರಿಗಾಗಿ. ಬೆಂಗಳೂರಿನಲ್ಲಿ ಗಾಡಿಯವರು ಊಟಿ ಕ್ಯಾರೆಟ್ ಎಂದು ಕೂಗಿ ಮಾರುವಾಗ ಅದರ ಹಿಂದೆ ಬಡಗರ ಹಳ್ಳಿಗಳಾದ ಹಟ್ಟಿಗಳ ಬೆವರಿದೆ.

ಪೇಟೆಯ ಒಂದು ಬಳ್ಳಿ ಬೆಂಗಳೂರಿನವರೆಗೂ ಹಬ್ಬಿತು. ಮುತ್ತುಸ್ವಾಮಿ ಮುದಲಿಯಾರರು 1905ರಲ್ಲಿ ಈ ಬೆಟ್ಟದಲ್ಲಿ ಬೆಣ್ಣೆ ವ್ಯಾಪಾರದಿಂದ ಆರಂಭಿಸಿದ ಅಂಗಡಿಯೇ ಮುಂದೆ ‘ನೀಲ್‌ಗಿರಿಸ್’ ಆಯಿತು. 1936ರಲ್ಲಿ ಅದು ಬ್ರಿಗೇಡ್ ರಸ್ತೆಗೆ ಬಂತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಬೆಣ್ಣೆ, ಬ್ರೆಡ್ಡು, ಕೇಕು ಎಂದರೆ ನೀಲ್‌ಗಿರಿಸ್ ಎಂಬ ಕಾಲವಿತ್ತು. ಚಿಕ್ಕ ಮಳಿಗೆಯೊಂದಕ್ಕೆ ತಲೆಮಾರಿನಷ್ಟು ಕಾಲ ಒಂದೆಡೆ ನೆಲೆ ಸಿಕ್ಕರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಕಾಣುವುದಿಲ್ಲ. ಕಮರ್ಷಿಯಲ್ ರಸ್ತೆಯಲ್ಲೂ 1942ರಿಂದ ಚಾಕೊಲೇಟು ಮಾಡುತ್ತಿರುವ ಕಿಂಗ್‌ಸ್ಟಾರ್, 1947ರಿಂದ ಇರುವ ಮೋಹನ್ಸ್‌ನಂಥ ಹಳಬರು ಉಳಿದಿದ್ದಾರೆ. ಅವರ ಸುತ್ತಲಿನ ಮಳಿಗೆಗಳೇ ಬದಲಾಗುತ್ತ ಬಂದಿವೆ.

ಬದಲಾವಣೆಯ ಲೆಕ್ಕ ಸರಳ. ಪಕ್ಕಪಕ್ಕದಲ್ಲಿ ಒಂದೇ ಅಳತೆಯ ಎರಡು ಮಳಿಗೆಗಳಿವೆ ಎಂದುಕೊಳ್ಳಿ. ಒಂದರಲ್ಲಿ ಸೊಪ್ಪು ತರಕಾರಿ, ಇನ್ನೊಂದರಲ್ಲಿ ಮನೆಯಲ್ಲೇ ಮಾಡಿದ್ದೆಂದು ಹೇಳುವ ಚಾಕೊಲೇಟು, ನೀಲಗಿರಿ ತೈಲ, ಚಹಾಪುಡಿ. ಸೊಪ್ಪು ಸಂಜೆಗೆ ಬಾಡುತ್ತದೆ, ಉಳಿದರೆ ಕಸ. ಲಾಭ ಕಂತೆಗೆ ಒಂದೆರಡು ರೂಪಾಯಿ. ಚಾಕೊಲೇಟಿಗೆ ಊಟಿಯ ಚಳಿಯೇ ಕಾವಲು. ತಂಪು ಪೆಟ್ಟಿಗೆಯ ಹಂಗಿಲ್ಲದೆ ಗಟ್ಟಿಯಾಗಿ ನಿಲ್ಲುತ್ತದೆ, ಕೊಳ್ಳುವವನೂ ರಜೆಯ ಹುರುಪಿನಲ್ಲಿ ಬಂದವನು, ಚೌಕಾಸಿ ಮಾಡುವುದಿಲ್ಲ. ಈ ಇಬ್ಬರಿಗೂ ಒಂದೇ ಬಾಡಿಗೆ ಹಾಕಿದರೆ ಯಾರು ಉಳಿಯುತ್ತಾರೆಂದು ಕೇಳಬೇಕಾದ್ದೇನಿಲ್ಲ. ಖಾಸಗಿ ಕಟ್ಟಡಗಳಿರುವ ಮುಖ್ಯ ರಸ್ತೆಯಲ್ಲಿ ಈ ಆಯ್ಕೆಯನ್ನು ಬಾಡಿಗೆ ಎಂದೋ ಮಾಡಿ ಮುಗಿಸಿದೆ. ನಗರಸಭೆಯ ಮಾರುಕಟ್ಟೆಯೊಳಗೆ ಮಾತ್ರ ಇನ್ನೂ ಪೂರ್ತಿ ಮಾಡಿಲ್ಲ. ಅಲ್ಲಿ ಈಗಲೂ ಮಾಂಸದ ಸಾಲು, ಮೀನಿನ ಸಾಲು, ತರಕಾರಿ, ಕಿರಾಣಿ, ಹಗ್ಗ, ಬುಟ್ಟಿ, ದರ್ಜಿಯ ಅಂಗಡಿ ಇರುವುದು ನಗರಸಭೆಯ ಬಾಡಿಗೆ ಬಹುಕಾಲ ಪೇಟೆಯ ಬಾಡಿಗೆಗಿಂತ ತೀರ ಕೆಳಗಿದ್ದುದರಿಂದಲೇ.

ಬೆಟ್ಟದ ಮೇಲೆ ಬಾಡಿಗೆ ಏರಲು ಇನ್ನೊಂದು ಕಾರಣವಿದೆ. ಬಯಲುಸೀಮೆಯ ಪೇಟೆ ಬೆಳೆಯಬೇಕೆಂದರೆ ಮೇಲಕ್ಕೆ ಅಂತಸ್ತು ಏರಿಸಬಹುದು. ಊಟಿಯಲ್ಲಿ ಆಗುವುದಿಲ್ಲ. ಮಣ್ಣು ಕುಸಿಯುವ ಜಿಲ್ಲೆ ಇದು. 1993ರಲ್ಲಿ ತಮಿಳುನಾಡು ಸರ್ಕಾರ ಗಿರಿಧಾಮಗಳಿಗೆಂದೇ ಕಟ್ಟಡ ನಿಯಮಗಳನ್ನು ತಂದು ಎತ್ತರವನ್ನು 7 ಮೀಟರಿಗೆ ಕಟ್ಟಿಹಾಕಿತು. ಅಂದರೆ ನೆಲದ ಅಂತಸ್ತು, ಮೇಲೊಂದು ಅಂತಸ್ತು, ಅಷ್ಟೇ. ಆ ನಿಯಮ ಬೇಕೇ ಬೇಕು. ಅದು ಇಲ್ಲದಿದ್ದರೆ ಊಟಿ ಇಷ್ಟು ಹೊತ್ತಿಗೆ ಕಾಂಕ್ರೀಟಿನ ಗುಡ್ಡೆಯಾಗಿರುತ್ತಿತ್ತು. ಆದರೆ ಅದರ ಪರಿಣಾಮವನ್ನೂ ಕಣ್ಣುಬಿಟ್ಟು ನೋಡಬೇಕು. ಮಳಿಗೆಗಳ ಸಂಖ್ಯೆ ಹೆಚ್ಚದು, ಬರುವ ಜನ ಹೆಚ್ಚುತ್ತಲೇ ಇರುತ್ತಾರೆ. ಆ ಒತ್ತಡವೆಲ್ಲ ಇರುವ ಮಳಿಗೆಯ ಬಾಡಿಗೆಯ ಮೇಲೆ, ಮಳಿಗೆ ಹಿಡಿಯಲು ಮುಂಗಡವಾಗಿ ಕೊಡುವ ಪಗಡಿಯ ಮೇಲೆ ಬೀಳುತ್ತದೆ.

ನಗರಸಭೆ ಮಳಿಗೆಗಳ ಕಥೆ ಕೆಟ್ಟದ್ದು ಇಲ್ಲಿಂದಲೇ. 2007ರಲ್ಲಿ ತಮಿಳುನಾಡು ಸರ್ಕಾರ ಸ್ಥಳೀಯ ಸಂಸ್ಥೆಗಳ ಅಂಗಡಿಗಳಿಗೆ ಒಂದು ಕ್ರಮ ಹಾಕಿತು: ಮೂರು ವರ್ಷಕ್ಕೊಮ್ಮೆ ಶೇ 15ರಷ್ಟು ಏರಿಕೆ, ಒಂಬತ್ತು ವರ್ಷ ತುಂಬಿದ ಮೇಲೆ ಸುತ್ತಲಿನ ಪೇಟೆಯ ದರಕ್ಕೆ ಸರಿಯಾಗಿ ಹೊಸ ಬಾಡಿಗೆ. ಲೆಕ್ಕದಂತೆ 2016ರಲ್ಲಿ ಹೊಸ ದರ ಬಂತು. ಅದು ಎಷ್ಟೋ ಪಟ್ಟು ಹೆಚ್ಚಿತ್ತು. ವರ್ತಕರು ಆಗದೆಂದರು, ಕೋರ್ಟಿಗೆ ಹೋದರು, ಬಾಕಿ ಬೆಳೆಯಿತು. 2020ರಲ್ಲಿ ಕೋವಿಡ್ ಬಂತು. ಅದೇ ವರ್ಷ ಜೂನ್‌ನಲ್ಲಿ ಮಾರುಕಟ್ಟೆಗೆ ಬೆಂಕಿ ಬಿದ್ದು ಹತ್ತಾರು ಅಂಗಡಿಗಳು ಸುಟ್ಟುಹೋದವು. ಒತ್ತೊತ್ತಾದ ಸಾಲು, ಹಳೆಯ ವೈರು, ಮರದ ಅಟ್ಟ ಇರುವಲ್ಲಿ ಬೆಂಕಿ ಹತ್ತಿದರೆ ಆರಿಸುವುದು ಸುಲಭವಲ್ಲ. 2021ರ ಆಗಸ್ಟ್‌ನಲ್ಲಿ ಬಾಡಿಗೆ ಬಾಕಿಯ ಕಾರಣಕ್ಕೆ ನಗರಸಭೆ ಏಳುನೂರಕ್ಕೂ ಹೆಚ್ಚು ಮಳಿಗೆಗಳಿಗೆ ಬೀಗ ಜಡಿದು ಸೀಲು ಹಾಕಿತು. ಬಾಕಿಯ ಮೊತ್ತ ಹತ್ತಾರು ಕೋಟಿ. ಮಾರುಕಟ್ಟೆಯ ಅರ್ಧದಷ್ಟು ಬಾಗಿಲು ಒಂದೇ ಏಟಿಗೆ ಮುಚ್ಚಿದ ದಿನಗಳು ಅವು.

ಇದರಲ್ಲಿ ಒಂದೇ ಕಡೆಯ ತಪ್ಪು ಹುಡುಕುವುದು ನ್ಯಾಯವಲ್ಲ. ನಗರಸಭೆಗೂ ಬೀದಿ ದೀಪ, ನೀರು, ಕಸ, ಸಿಬ್ಬಂದಿ ಸಂಬಳ ಎಂದು ಖರ್ಚಿದೆ, ಅದಕ್ಕೆ ಮಳಿಗೆಯ ಬಾಡಿಗೆಯೇ ದೊಡ್ಡ ಆಸರೆ. ಇಂಥ ಮಾರುಕಟ್ಟೆಗಳಲ್ಲಿ ಹೆಸರಿಗೆ ಒಬ್ಬ, ಕೂರುವವನು ಇನ್ನೊಬ್ಬ ಎಂಬ ಒಳಬಾಡಿಗೆಯ ಕಾಯಿಲೆಯೂ ಹಳೆಯದು. ಹಂಚಿಕೆ ಪಡೆದವರು ನಗರಸಭೆಗೆ ಸಾವಿರ ಕಟ್ಟಿ, ಒಳಗಿನವರಿಂದ ಅದರ ಹತ್ತು ಪಟ್ಟು ವಸೂಲಿ ಮಾಡುವುದು ಕರ್ನಾಟಕದ ಪುರಸಭೆಗಳಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಕಡಿಮೆ ಬಾಡಿಗೆ ಎಂದರೆ ಬಡ ವ್ಯಾಪಾರಿಗೆ ನೆರವು ಎಂದು ಕಣ್ಣುಮುಚ್ಚಿ ಹೇಳಲಾಗದು. ಆದರೆ ಪೇಟೆ ದರ ಹಾಕಿದರೆ ಒಳಬಾಡಿಗೆಯ ಕಾಯಿಲೆ ವಾಸಿಯಾದೀತು, ರೋಗಿ ಉಳಿಯುವುದಿಲ್ಲ. ದಲ್ಲಾಳಿಯ ಜೊತೆಗೆ ಸೊಪ್ಪಿನವಳೂ ಹೊರಗೆ ಬೀಳುತ್ತಾಳೆ.

ಈಗಿನ ಮರುನಿರ್ಮಾಣ ಇದೇ ಗಾಯದ ಮೇಲೆ ನಡೆಯುತ್ತಿದೆ. ಅದಕ್ಕೇ ವರ್ತಕರ ಆತಂಕ. ತಾತ್ಕಾಲಿಕ ಅಂಗಡಿಗೆ ಹೋದರೆ ಗಿರಾಕಿ ಅಲ್ಲಿಗೆ ಬರುತ್ತಾನೋ ಇಲ್ಲವೋ, ಕಟ್ಟಡ ಮುಗಿದ ಮೇಲೆ ಅದೇ ಜಾಗ ಸಿಗುತ್ತದೋ, ಮತ್ತೆ ಹರಾಜು ಕೂಗುತ್ತಾರೋ ಎಂಬ ಭಯ. ಕೂನೂರಿನ ಮಾರುಕಟ್ಟೆಗೂ ಇಂಥದೇ ಯೋಜನೆ ಬಂದು, ಅಲ್ಲಿನ ಅಂಗಡಿಕಾರರೂ ಬೀದಿಗಿಳಿದಿದ್ದಾರೆ. ಈ ಭಯವನ್ನು ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವುದು ಬಹಳ ಸುಲಭ. ಕರ್ನಾಟಕದ ಪೇಟೆಗಳನ್ನು ಬಲ್ಲವರು ಹಾಗೆ ತಳ್ಳಿಹಾಕಲಾರರು.

ಮೈಸೂರಿನ ದೇವರಾಜ ಮಾರುಕಟ್ಟೆಯನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರೂಪುಗೊಂಡ ಪೇಟೆ, ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಕುಂಕುಮದ ರಾಶಿಗಳ ಪೇಟೆ. ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ಬಳಿಕ, 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ದ್ವಾರ ಉರುಳಿತು. ಉಳಿಸಬೇಕೋ ಕೆಡವಬೇಕೋ ಎಂಬ ವಾದ ಸಮಿತಿಯಿಂದ ಸಮಿತಿಗೆ, ಕೋರ್ಟಿನಿಂದ ಕೋರ್ಟಿಗೆ ತಿರುಗಿತು. 2023ರಲ್ಲಿ ಹೈಕೋರ್ಟು ಕೆಡವಿ ಕಟ್ಟುವುದಕ್ಕೆ ಅಡ್ಡಿ ಇಲ್ಲವೆಂದಿತು. ಈ ಎಲ್ಲ ವರ್ಷ ಲ್ಯಾನ್ಸ್‌ಡೌನ್ ಕಟ್ಟಡದ ಅಂಗಡಿಗಳ ಗತಿ ಏನು? ಹಳೆಯ ಪುಸ್ತಕಕ್ಕಾಗಿ ಅಲ್ಲಿಗೆ ಹೋಗುತ್ತಿದ್ದ ಮೈಸೂರಿನ ವಿದ್ಯಾರ್ಥಿಗಳಿಗೆ ಗೊತ್ತು. ಖಾಲಿ ಮಾಡಿಸುವುದಕ್ಕೆ ಒಂದು ದಿನ ಸಾಕು, ಮರಳಿ ಕರೆಯುವುದಕ್ಕೆ ದಶಕವೂ ಸಾಲುವುದಿಲ್ಲ.

ಬೆಂಗಳೂರು ಇನ್ನೊಂದು ದಾರಿ ಹಿಡಿಯಿತು. ಕಟ್ಟಡ ಮುಟ್ಟದೆ ರಸ್ತೆ ಬದಲಿಸುವ ದಾರಿ. ಚರ್ಚ್ ಸ್ಟ್ರೀಟ್ 2018ರ ಮಾರ್ಚ್‌ನಲ್ಲಿ ಕಲ್ಲುಹಾಸಿನೊಡನೆ ಹೊಸದಾಗಿ ತೆರೆಯಿತು, ನಡೆಯುವುದು ಅಲ್ಲೀಗ ಸುಖ. ಪುಸ್ತಕದಂಗಡಿಗಳು ಅಲ್ಲಿ ಇನ್ನೂ ಇರುವುದು ನನಗೆ ದೊಡ್ಡ ಸಮಾಧಾನ. ಆದರೆ ಇಂಡಿಯಾ ಕಾಫಿ ಹೌಸ್ ಆ ರಸ್ತೆಗೆ ಬಂದದ್ದೇ 2009ರಲ್ಲಿ ಎಂ.ಜಿ. ರಸ್ತೆಯ ಹಳೆಯ ಜಾಗವನ್ನು ಬಿಡಬೇಕಾಗಿ ಬಂದುದರಿಂದ ಎಂಬುದನ್ನು ಮರೆಯಬಾರದು. ಬಸವನಗುಡಿಯ ಗಾಂಧಿ ಬಜಾರ್‌ನಲ್ಲೂ ಪಾದಚಾರಿ ಮಾರ್ಗ ಅಗಲ ಮಾಡುವ ಕಾಮಗಾರಿಗೆ ರಸ್ತೆ ಅಗೆದು ಬಿಟ್ಟಾಗ ಹೂವು, ಹಣ್ಣು ಮಾರುವವರು ಹಬ್ಬದ ವ್ಯಾಪಾರ ಕಳೆದುಕೊಂಡರು. ರಸ್ತೆ ಚೆಂದವಾಯಿತು. ಚೆಂದವಾದ ರಸ್ತೆಯಲ್ಲಿ ಮಾಲೀಕರು ಮುಂದಿನ ಕರಾರಿನಲ್ಲಿ ಎಷ್ಟು ಕೇಳುತ್ತಾರೆ ಎಂಬುದು ಸರ್ಕಾರದ ಕೈಯಲ್ಲಿ ಇಲ್ಲ.

ಊಟಿಯಲ್ಲಿ ಅದು ನಗರಸಭೆಯ ಕೈಯಲ್ಲಿದೆ. ನಾನು ಹೇಳಬೇಕಾದ ಮುಖ್ಯ ಮಾತೇ ಇದು. ಹೋಲಿಕೆಗೆ ಪ್ಯಾರಿಸ್ ನೋಡಿ. ಅಲ್ಲಿನ ನಗರಾಡಳಿತ 2004ರಲ್ಲಿ ಒಂದು ಯೋಜನೆ ಆರಂಭಿಸಿತು. ಬಡಾವಣೆಗಳಲ್ಲಿ ಮಾಂಸದಂಗಡಿ, ಬ್ರೆಡ್ಡಿನಂಗಡಿ, ಪುಸ್ತಕದಂಗಡಿಗಳು ಮುಚ್ಚಿ ಒಂದೇ ಬಗೆಯ ವ್ಯಾಪಾರ ತುಂಬಿಕೊಳ್ಳುತ್ತಿರುವುದನ್ನು ಕಂಡು, ನಗರದ್ದೇ ಸಂಸ್ಥೆಯೊಂದರ ಮೂಲಕ ಖಾಲಿ ಮಳಿಗೆಗಳನ್ನು ಕೊಂಡು, ಊರಿನವರಿಗೆ ದಿನವೂ ಬೇಕಾದ ಕಸುಬುಗಳಿಗೆ ಬಾಡಿಗೆಗೆ ಕೊಟ್ಟಿತು. ಅದಕ್ಕೆ ದೊಡ್ಡ ಹಣ ಸುರಿಯಬೇಕಾಯಿತು, ಏಕೆಂದರೆ ಮಳಿಗೆಗಳು ಬೇರೆಯವರವು. ಊಟಿಯ ನಗರಸಭೆ ಒಂದು ಕಾಸನ್ನೂ ಕೊಟ್ಟು ಕೊಳ್ಳಬೇಕಿಲ್ಲ. ಸಾವಿರಕ್ಕೂ ಹೆಚ್ಚು ಮಳಿಗೆಗಳ ಒಡೆತನ ಆಗಲೇ ಅದರದ್ದು, ಅದೂ ಊರಿನ ನಟ್ಟನಡುವೆ. ಇಷ್ಟೊಂದು ಮಳಿಗೆಗಳನ್ನು ಒಂದೇ ಕಡೆ ಇಟ್ಟುಕೊಂಡಿರುವ ಮಾಲೀಕ ತನ್ನ ಬೀದಿಯಲ್ಲಿ ಏನು ಮಾರಬೇಕೆಂದು ಗೊತ್ತುಮಾಡಬಲ್ಲ. ತರಕಾರಿಗೆ ಇಷ್ಟು ಸಾಲು, ಮಾಂಸ ಮೀನಿಗೆ ಇಷ್ಟು, ಕೃಷಿ ಸಾಮಾನಿಗೆ ಇಷ್ಟು ಎಂದು ಕರಾರಿನಲ್ಲೇ ಬರೆದು, ಆ ಸಾಲುಗಳಿಗೆ ಕಡಿಮೆ ದರ, ಚಾಕೊಲೇಟು, ಉಡುಗೊರೆ ಸಾಮಾನಿಗೆ ಪೇಟೆಯ ದರ ಎಂದು ಹಾಕಬಹುದು. ಕೂರುವವನೇ ಹಂಚಿಕೆದಾರನೂ ಆಗಿರಬೇಕೆಂದು ಪಟ್ಟು ಹಿಡಿದರೆ ಒಳಬಾಡಿಗೆಯೂ ನಿಲ್ಲುತ್ತದೆ. ಒಂದರ ನಷ್ಟವನ್ನು ಇನ್ನೊಂದರ ಲಾಭ ತುಂಬುತ್ತದೆ, ನಗರಸಭೆಯ ಖಜಾನೆಗೆ ಕೊರತೆಯಾಗಬೇಕಿಲ್ಲ.

ಇದು ಊಟಿಗೆ ಹೊರಗಿನ ಮಾತೂ ಅಲ್ಲ. 1999ರ ನವೆಂಬರ್‌ನಲ್ಲಿ ಮಧುರೆಯಲ್ಲಿ ಉಳವರ್ ಸಂದೈ ಎಂಬ ಮೊದಲ ರೈತ ಸಂತೆ ತೆರೆದಾಗ ತಮಿಳುನಾಡು ಸರ್ಕಾರ ಇದೇ ತತ್ವ ಒಪ್ಪಿತ್ತು. ರೈತ ಗುರುತಿನ ಚೀಟಿ ತೋರಿಸಿ ದಲ್ಲಾಳಿಯಿಲ್ಲದೆ, ಬಾಡಿಗೆಯ ಹೊರೆಯಿಲ್ಲದೆ ತಾನು ಬೆಳೆದದ್ದನ್ನು ಮಾರಬಹುದು. ಊಟಿಯಲ್ಲೂ ಅಂಥ ಸಂತೆ ಇದೆ. ಮಾರುಕಟ್ಟೆಯ ಹೊಸ ಕಟ್ಟಡದಲ್ಲೇ ಹಟ್ಟಿಗಳ ಬೆಳೆಗಾರರಿಗೆ ಒಂದು ಕಟ್ಟೆ ಮೀಸಲಿಟ್ಟರೆ, ಕ್ಯಾರೆಟ್ ತೊಳೆಯಲು ನೀರು, ಮೂಟೆ ಇಳಿಸಲು ಪಿಕಪ್ ನಿಲ್ಲುವ ಜಾಗ ಕೊಟ್ಟರೆ, ಕಾರು ನಿಲ್ಲಿಸುವ ಜಾಗಕ್ಕೆ ಕೊಟ್ಟಷ್ಟೇ ಯೋಚನೆಯನ್ನು ಅದಕ್ಕೂ ಕೊಟ್ಟಂತಾಗುತ್ತದೆ.

ಖಾಲಿ ಸಹಾನುಭೂತಿಯಿಂದ ಇದನ್ನು ಹೇಳುತ್ತಿಲ್ಲ, ವ್ಯಾಪಾರದ ಲೆಕ್ಕದಲ್ಲೂ ಇದೇ ಸರಿ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನ ಎಂಬ ಮಿತಿಯೂ ಬಂತು. ವರ್ತಕರು ಆ ಏಪ್ರಿಲ್‌ನಲ್ಲಿ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಬೆಟ್ಟ ಎಷ್ಟು ಭಾರ ತಾಳೀತು ಎಂಬ ಪ್ರಶ್ನೆ ಇನ್ನು ಹಿಂದೆ ಹೋಗುವಂಥದ್ದಲ್ಲ, ಮಿತಿ ಯಾವುದಾದರೂ ರೂಪದಲ್ಲಿ ಇದ್ದೇ ಇರುತ್ತದೆ. ಮೈಸೂರು ಕಡೆಯವರಿಗೆ ಬಂಡೀಪುರದ ರಾತ್ರಿ ಸಂಚಾರ ನಿಷೇಧ 2009ರಿಂದಲೂ ಇದೆ. ಹೀಗಿರುವಾಗ ಮಾರುಕಟ್ಟೆಯನ್ನೆಲ್ಲ ಪ್ರವಾಸಿಯ ಪರ್ಸಿನ ಮೇಲೆ ನಿಲ್ಲಿಸುವುದು ಜಾಣತನವೇ? ಮಳೆಗಾಲದ ಮಂಗಳವಾರವೂ ಅಕ್ಕಿ, ಮೀನು, ಗೊಬ್ಬರ ಕೊಳ್ಳಲು ಬರುವವರು ತುಮ್ಮನಟ್ಟಿ, ಇತ್ತಲಾರು, ಕೂಕಲ್ತೊರೈಯವರು. ಇ-ಪಾಸಿನ ಮಿತಿ ಅವರಿಗಿಲ್ಲ.

ಇನ್ನೊಂದು ಗುಂಪು ಉಳಿಯಿತು, ಯಾವ ಕರಾರಿನಲ್ಲೂ ಹೆಸರಿಲ್ಲದವರು. ಮಾರುಕಟ್ಟೆಯ ಬಾಗಿಲಲ್ಲಿ ಗೋಣಿಚೀಲ ಹಾಸಿ ಸೊಪ್ಪು, ಬೆಳ್ಳುಳ್ಳಿ, ಬೆಟ್ಟದ ಹಣ್ಣು ಮಾರುವ ಹೆಂಗಸರು. ಮಳಿಗೆಯವರಿಗೆ ತಾತ್ಕಾಲಿಕ ಅಂಗಡಿ ಸಿಗುತ್ತದೆ, ಇವರಿಗೆ ಸಿಗುವುದು ಬೇರೆ ಮೂಲೆ ಹುಡುಕಿಕೋ ಎಂಬ ಮಾತು. ಬೀದಿ ವ್ಯಾಪಾರಿಗಳ 2014ರ ಕಾನೂನು ಹಾಗೆ ಹೇಳುವುದಿಲ್ಲ. ಮೊದಲು ಸಮೀಕ್ಷೆ ಮಾಡಬೇಕು, ಎಲ್ಲರಿಗೂ ಪ್ರಮಾಣಪತ್ರ ಕೊಡಬೇಕು, ಅಲ್ಲಿಯವರೆಗೆ ಎಬ್ಬಿಸಬಾರದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಾಗಿರಬೇಕು ಎನ್ನುತ್ತದೆ. ಹೊಸ ಕಟ್ಟಡದ ನಕ್ಷೆಯಲ್ಲಿ ಕಾರಿಗೆ ಜಾಗ ಗುರುತಿಸುವಾಗಲೇ ಇವರ ಗೋಣಿಚೀಲಕ್ಕೂ ಸೂರಿನಡಿ ಜಾಗ ಗುರುತಿಸಬೇಕು. ಅದಕ್ಕೆ ಆ ಹೆಂಗಸರ ಹೆಸರು ನಗರಸಭೆಯ ಪಟ್ಟಿಯಲ್ಲಿ ಇರಬೇಕು, ಮತ್ತು ಆ ಪಟ್ಟಿಯನ್ನು ಮಾರುಕಟ್ಟೆಯ ಉಳಿದ ಸಾಲುಗಳು ನಿಂತಿರುವಾಗಲೇ, ಅವರು ಅಲ್ಲಿ ಕೂತಿರುವಾಗಲೇ ಬರೆಯಬೇಕು. ಒಡೆದು ಮುಗಿದ ಮೇಲೆ ಅವರು ಎಲ್ಲಿ ಕೂರುತ್ತಿದ್ದರೆಂದು ತೋರಿಸಲು ಅವರ ಬಳಿ ಯಾವ ಕಾಗದವೂ ಇರುವುದಿಲ್ಲ.